ಮೇನ್‌ಫ್ರೇಮ್ ನಿಲ್ಲಿಸುವ ಮೊದಲು: ಡಿಬಿ2 ಮತ್ತು ವಿಸ್ಯಾಮ್ ದತ್ತಾಂಶವನ್ನು ಹೊರತೆಗೆಯುವ ಕ್ರಮ

ಮೇನ್‌ಫ್ರೇಮ್ (ಬ್ಯಾಂಕ್, ವಿಮಾ ಕಂಪನಿಗಳಂಥ ಸಂಸ್ಥೆಗಳ ದೊಡ್ಡ ಗಣಕಯಂತ್ರ) ಒಂದನ್ನು ನಿಲ್ಲಿಸಬೇಕೆಂಬ ತೀರ್ಮಾನವಾದ ಕೂಡಲೇ ಎಲ್ಲರ ಗಮನವೂ ಹೊಸ ವ್ಯವಸ್ಥೆಗೆ ಸಾಗಬೇಕಾದ ಚಾಲ್ತಿ ಖಾತೆಗಳ ಕಡೆಗೆ ಹರಿಯುತ್ತದೆ. ಅವಧಿ ಮುಗಿದ ಪಾಲಿಸಿಗಳು, ತೀರಿದ ಸಾಲಗಳು, ನಿವೃತ್ತ ನೌಕರರ ಸಂಬಳದ ಇತಿಹಾಸ ಮುಂತಾದವು ಹಳೆಯ ಯಂತ್ರದಲ್ಲೇ ಉಳಿಯುತ್ತವೆ; ಕೊನೆಯ ತಿಂಗಳಲ್ಲಿ ಯಾರಾದರೂ ಅವನ್ನೆಲ್ಲ ಸಿಎಸ್‌ವಿ ಮಾಡಿ ಒಂದೆಡೆ ಇಟ್ಟರಾಯಿತು ಎಂಬ ಎಣಿಕೆಯಲ್ಲಿ ಯೋಜನೆಯ ಪಟ್ಟಿಯ ತಳಕ್ಕೆ ಸೇರುತ್ತವೆ. ಆದರೆ ನ್ಯಾಯಾಲಯದ ಮುಂದೆ, ಲೆಕ್ಕಪರಿಶೋಧಕರ ಮುಂದೆ ಅಥವಾ ಪಿಂಚಣಿಯ ತಕರಾರಿನಲ್ಲಿ ಮುಂದೊಂದು ದಿನ ಬೇಕಾಗುವುದು ಬಹುಮಟ್ಟಿಗೆ ಈ ಹಳೆಯ ದಾಖಲೆಗಳೇ.

ಐಬಿಎಂ ಮೇನ್‌ಫ್ರೇಮ್‌ನ ಜೆಡ್/ಓಎಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿರುವ ಡಿಬಿ2 ಡೇಟಾಬೇಸಿನ ಟೇಬಲ್‌ಗಳನ್ನೂ, ಹಳೆಯ ವ್ಯವಹಾರ ಭಾಷೆಯಾದ ಕೋಬಾಲ್‌ನ ಪ್ರೋಗ್ರಾಮ್‌ಗಳು ಬಳಸುವ ವಿಸ್ಯಾಮ್ ಎಂಬ ವ್ಯವಸ್ಥೆಯ ಕಡತಗಳನ್ನೂ ಯಾವ ಯಂತ್ರದಲ್ಲಾದರೂ ಓದಬಲ್ಲ ರೂಪಕ್ಕೆ ತರುವ ಕ್ರಮವನ್ನು ಇಲ್ಲಿ ವಿವರಿಸಿದೆ. ಇಡೀ ಕೆಲಸಕ್ಕೆ ಆಧಾರವಾಗಬೇಕಾದ ನಿಯಮ ಇದು: ಬೈಟ್‌ಗಳನ್ನು ಇದ್ದ ಹಾಗೆಯೇ ಹೊರಗೆ ತಂದು ಕಾಪಾಡಬೇಕು, ಅವುಗಳ ಅರ್ಥ ಬಿಡಿಸುವ ಕೆಲಸವನ್ನು ಹೊರಗೆ, ಎಷ್ಟು ಸಲ ಬೇಕಾದರೂ ಮರಳಿ ಮಾಡಲು ಬರುವಂತೆ ನಡೆಸಬೇಕು. ಮೂಲ ಬೈಟ್ ಕೈಯಲ್ಲಿದ್ದರೆ ಅರ್ಥ ಬಿಡಿಸುವಾಗ ಆದ ತಪ್ಪನ್ನು ಹತ್ತು ವರ್ಷದ ಬಳಿಕವೂ ತಿದ್ದಬಹುದು. ಆದರೆ ಬೈಟ್‌ಗಳಿಂದ ಮಾತ್ರ ಅರ್ಥ ಹುಟ್ಟುವುದಿಲ್ಲವಾದ್ದರಿಂದ, ಅರ್ಥವನ್ನು ತಿಳಿಸುವ ಸಾಮಗ್ರಿಯನ್ನು ಯಂತ್ರವೂ ಅದನ್ನು ಬಲ್ಲವರೂ ಇನ್ನೂ ಇರುವಾಗಲೇ ಒಟ್ಟುಗೂಡಿಸಬೇಕು. ಮೊದಲ ಹೆಜ್ಜೆ ಅದೇ.

ಅರ್ಥದ ಸಾಮಗ್ರಿಯನ್ನು ಒಟ್ಟುಗೂಡಿಸುವುದು

ಡಿಬಿ2 ವಿಷಯದಲ್ಲಿ ಈ ಕೆಲಸ ತಕ್ಕಮಟ್ಟಿಗೆ ಸುಲಭ. ಸಿಸ್‌ಐಬಿಎಂ ಹೆಸರಿನಡಿ ಇರುವ ಕ್ಯಾಟಲಾಗ್ ಟೇಬಲ್‌ಗಳಲ್ಲಿ ಪ್ರತಿ ಟೇಬಲ್, ಕಾಲಂ, ಇಂಡೆಕ್ಸ್, ಪರಸ್ಪರ ಸಂಬಂಧ ಹಾಗೂ ಚೆಕ್ ನಿರ್ಬಂಧಗಳ ವಿವರ ಇರುತ್ತದೆ. ಹಿಂದೆ ಯಾರಾದರೂ ಶ್ರದ್ಧೆಯಿಂದ ಬರೆದಿದ್ದರೆ ರಿಮಾರ್ಕ್ಸ್ ಕಾಲಂನಲ್ಲಿ ವಿವರಣೆಯೂ ಸಿಗುತ್ತದೆ. ಇವನ್ನೆಲ್ಲ ದತ್ತಾಂಶದ ಜೊತೆಗೇ ಹೊರತೆಗೆಯಬೇಕು. ಆದರೆ ಟೇಬಲ್‌ಗಳ ನಡುವಣ ಸಂಬಂಧಗಳೆಲ್ಲ ಕ್ಯಾಟಲಾಗ್‌ನಲ್ಲಿ ದಾಖಲಾಗಿವೆ ಎಂದು ನಂಬಿ ಕೂರಬಾರದು. ವೇಗದ ಕಾರಣಕ್ಕೆ ಫಾರಿನ್ ಕೀಗಳನ್ನು (ಒಂದು ಟೇಬಲ್‌ನ ಸಾಲು ಇನ್ನೊಂದರ ಯಾವ ಸಾಲಿಗೆ ಸೇರಿದ್ದೆಂದು ಹೇಳುವ ಕೀಗಳನ್ನು) ಘೋಷಿಸದೆ ಪ್ರೋಗ್ರಾಮ್‌ಗಳಲ್ಲೇ ಪಾಲಿಸಿಕೊಂಡು ಬಂದ ಸ್ಥಾಪನೆಗಳು ಬಹಳ.

ವಿಸ್ಯಾಮ್ ಕಡತಕ್ಕೆ ಜೆಡ್/ಓಎಸ್‌ನ ಕ್ಯಾಟಲಾಗ್‌ನಲ್ಲಿ ಸಿಗುವುದು ಕೀಯ (ರೆಕಾರ್ಡ್ ಅನ್ನು ಗುರುತಿಸುವ ಮೌಲ್ಯದ) ಸ್ಥಾನ, ಅದರ ಉದ್ದ, ರೆಕಾರ್ಡ್‌ನ ಗರಿಷ್ಠ ಉದ್ದ ಇಷ್ಟೇ. ಒಳಗಿನ ಯಾವ ಬೈಟ್ ಏನೆಂಬುದು ಕೋಬಾಲ್ ಕಾಪಿಬುಕ್‌ನಲ್ಲಿ, ಅಂದರೆ ರೆಕಾರ್ಡ್‌ನ ವಿನ್ಯಾಸವನ್ನು ಬರೆದಿಟ್ಟ ಮೂಲಕಡತದಲ್ಲಿ ಮಾತ್ರ ಇದೆ. ಒಂದೇ ಕಾಪಿಬುಕ್‌ನ ಹಲವು ಆವೃತ್ತಿಗಳು ಬೇರೆ ಬೇರೆ ಲೈಬ್ರರಿಗಳಲ್ಲಿ ಬಿದ್ದಿರುವುದು ಸಾಮಾನ್ಯವಾದ್ದರಿಂದ, ಇಂದು ಓಡುತ್ತಿರುವ ಪ್ರೋಗ್ರಾಮ್ ಯಾವ ಆವೃತ್ತಿಯಿಂದ ಕಂಪೈಲ್ ಆಗಿದೆ ಎಂಬುದನ್ನು ಕಂಪೈಲ್ ಪಟ್ಟಿಯಿಂದ ಖಚಿತಪಡಿಸಿಕೊಳ್ಳಬೇಕು. ಕಾಪಿಬುಕ್‌ನ 88ನೇ ಮಟ್ಟದ ಹೆಸರುಗಳನ್ನು (ಕ್ಷೇತ್ರದ ಮೌಲ್ಯಗಳಿಗೆ ಕೊಟ್ಟ ಹೆಸರುಗಳನ್ನು) ಬಿಡದೆ ಪಟ್ಟಿಮಾಡಿಕೊಳ್ಳಿ. ಸ್ಥಿತಿಸೂಚಕ ಕಾಲಂನಲ್ಲಿ 3 ಎಂದಿದ್ದರೆ ಅದು ರದ್ದಾದ ಖಾತೆಯೋ ತಡೆಹಿಡಿದ ಖಾತೆಯೋ ಎಂಬುದು ಅಲ್ಲಿ ಬರೆದಿರುತ್ತದೆ. ಅಲ್ಲಿಯೂ ಇಲ್ಲವಾದರೆ ಪ್ರೊಸೀಜರ್ ಭಾಗದ ಇಫ್ ವಾಕ್ಯಗಳನ್ನೇ ಓದಬೇಕಾಗುತ್ತದೆ. ಬಳಕೆದಾರರ ಪರದೆಗಳನ್ನು ನಡೆಸುವ ಸಿಐಸಿಎಸ್ ತಂತ್ರಾಂಶದ ಪರದೆ ನಕ್ಷೆಗಳನ್ನೂ ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎಂಟು ಅಕ್ಷರದ ನಿಗೂಢ ಕಾಲಂ ಹೆಸರಿನ ಪಕ್ಕದಲ್ಲಿ ಬಳಕೆದಾರರಿಗೆ ಅರ್ಥವಾಗುವ ಶೀರ್ಷಿಕೆ ಇರುವುದು ಪರದೆಯಲ್ಲಿ ಮಾತ್ರ.

ಕಡತಗಳ ಪಟ್ಟಿಯನ್ನು ತಯಾರಿಸುವಾಗ ಡಿಸ್ಕ್‌ನಲ್ಲಿ ಕಾಣುವುದಷ್ಟನ್ನೇ ಎಣಿಸಬಾರದು. ಬಹುಕಾಲ ಮುಟ್ಟದ ಡೇಟಾಸೆಟ್‌ಗಳನ್ನು (ಕಡತಗಳನ್ನು) ಎಚ್‌ಎಸ್‌ಎಂ ಎಂಬ ಸಂಗ್ರಹ ನಿರ್ವಹಣಾ ತಂತ್ರಾಂಶ ಟೇಪ್‌ಗೆ ಸರಿಸಿರುತ್ತದೆ, ಕ್ಯಾಟಲಾಗ್‌ನಲ್ಲಿ ಅವುಗಳ ವಾಲ್ಯೂಮ್ ಹೆಸರು ಮೈಗ್ರ್ಯಾಟ್ ಎಂದು ತೋರುತ್ತದೆ. ಅವನ್ನು ಮರಳಿ ತರಿಸಲು ಹಿಡಿಯುವ ಸಮಯವನ್ನು ಯೋಜನೆಯಲ್ಲಿ ಸೇರಿಸದಿದ್ದರೆ ಕೊನೆಯ ವಾರಾಂತ್ಯ ಟೇಪ್‌ಗಾಗಿ ಕಾಯುವುದರಲ್ಲೇ ಕಳೆಯುತ್ತದೆ.

ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಬ್ಯಾಂಕ್ ಮತ್ತು ವಿಮಾ ಕಂಪನಿಗಳ ಮೇನ್‌ಫ್ರೇಮ್ ನೋಡಿಕೊಳ್ಳುವ ತಂಡಗಳಿಗೆ ಇಲ್ಲೊಂದು ಮಾತು ಹೇಳಬೇಕು. ನಿರ್ವಹಣೆಯ ಗುತ್ತಿಗೆ ಮುಗಿದ ದಿನ ಆ ತಂಡ ಚದುರುತ್ತದೆ. ಯಾವ ಜಾಬ್ ಏಕೆ ಮಾರ್ಚ್‌ನಲ್ಲಿ ಮಾತ್ರ ಓಡುತ್ತದೆ ಎಂಬಂಥ ತಿಳಿವಳಿಕೆ ಯಾವ ಲೈಬ್ರರಿಯಲ್ಲೂ ಇರುವುದಿಲ್ಲ. ಅದನ್ನು ಬರೆಸಿಕೊಳ್ಳಲು ಗುತ್ತಿಗೆಯಲ್ಲೇ ಸಮಯ ಮತ್ತು ಹಣ ಮೀಸಲಿಡುವುದು ನಿಲ್ಲಿಸುವ ಸಂಸ್ಥೆಯ ಹೊಣೆ.

ಅನ್‌ಲೋಡ್

ಡಿಬಿ2 ಟೇಬಲ್‌ಗಳಿಗೆ ದತ್ತಾಂಶವನ್ನು ಕಡತಕ್ಕೆ ಇಳಿಸುವ ಅನ್‌ಲೋಡ್ ಯುಟಿಲಿಟಿಯೇ ಮೊದಲ ಆಯ್ಕೆ. ಆಯ್ದ ಸಾಲುಗಳು ಅಥವಾ ಜೋಡಿಸಿದ ಟೇಬಲ್‌ಗಳು ಬೇಕಾದಾಗ ಎಸ್‌ಕ್ಯೂಎಲ್ ಕೊಟ್ಟು ಓಡಿಸಬಹುದಾದ ಡಿಎಸ್‌ಎನ್‌ಟಿಐಎಯುಎಲ್ ಎಂಬ ಮಾದರಿ ಪ್ರೋಗ್ರಾಮ್ ಕೂಡ ಇದೆ. ಎರಡೂ ದತ್ತಾಂಶದ ಜೊತೆಗೆ ಅದನ್ನು ಮರಳಿ ಲೋಡ್ ಮಾಡಲು ಬೇಕಾದ ಹೇಳಿಕೆಗಳನ್ನು ಬೇರೊಂದು ಕಡತಕ್ಕೆ ಬರೆಯುತ್ತವೆ. ಪ್ರತಿ ಕಾಲಂ ಎಷ್ಟನೇ ಬೈಟ್‌ನಲ್ಲಿ ಶುರುವಾಗುತ್ತದೆ, ಯಾವ ರೂಪದಲ್ಲಿದೆ, ಶೂನ್ಯಮೌಲ್ಯದ (ನಲ್, ಅಂದರೆ ಸೊನ್ನೆಯಲ್ಲ, ಮೌಲ್ಯವೇ ಇಲ್ಲ ಎಂಬುದರ) ಗುರುತು ಎಲ್ಲಿದೆ ಎಂಬುದು ಆ ಕಡತದಲ್ಲಿರುವುದರಿಂದ ಅದನ್ನು ದತ್ತಾಂಶದಷ್ಟೇ ಜೋಪಾನವಾಗಿ ಇಡಬೇಕು.

ಅನ್‌ಲೋಡ್ ನಡೆಯುವಾಗ ಬೇರೆ ಯಾರೂ ಬರೆಯದಂತೆ ಶೇರ್‌ಲೆವೆಲ್ ರೆಫರೆನ್ಸ್ ಎಂದು ಸೂಚಿಸಬೇಕು. ಇಲ್ಲವಾದರೆ ಒಂದು ಟೇಬಲ್‌ನಲ್ಲಿ ಸಾಯಂಕಾಲದ ಸ್ಥಿತಿ, ಇನ್ನೊಂದರಲ್ಲಿ ರಾತ್ರಿಯ ಸ್ಥಿತಿ ಸೇರಿ, ಖಾತೆಯ ಬಾಕಿಗೂ ವಹಿವಾಟುಗಳ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಯಂತ್ರ ಇನ್ನೂ ದೈನಂದಿನ ಬಳಕೆಯಲ್ಲಿದ್ದು ಅದನ್ನು ತಡೆಯುವಂತಿಲ್ಲವಾದರೆ ಬ್ಯಾಕಪ್ ಪ್ರತಿಯಾದ ಇಮೇಜ್ ಕಾಪಿಯಿಂದಲೇ ಅನ್‌ಲೋಡ್ ಮಾಡುವ ಅವಕಾಶವಿದೆ. ಯಾವ ಹೊತ್ತಿನಲ್ಲಿ ಓಡಿಸಬೇಕೆಂಬುದು ಹಣದ ಪ್ರಶ್ನೆಯೂ ಹೌದು. ಐಬಿಎಂ ಸಾಫ್ಟ್‌ವೇರ್‌ನ ಅನೇಕ ಒಪ್ಪಂದಗಳಲ್ಲಿ ತಿಂಗಳ ಶುಲ್ಕವು ಆ ತಿಂಗಳಲ್ಲಿ ಯಾವುದೇ ನಾಲ್ಕು ಗಂಟೆಗಳ ಸರಾಸರಿ ಬಳಕೆ ಮುಟ್ಟಿದ ಶಿಖರವನ್ನು ಅವಲಂಬಿಸುತ್ತದೆ. ದೊಡ್ಡ ಅನ್‌ಲೋಡ್‌ಗಳನ್ನು ಹಗಲಿನ ದಟ್ಟಣೆಯ ಮೇಲೆ ಹೇರಿದರೆ ನಿಲ್ಲಲಿರುವ ಯಂತ್ರಕ್ಕೆ ಅದರ ಇತಿಹಾಸದ ಅತಿ ದೊಡ್ಡ ಬಿಲ್ ಬರಬಹುದು.

ಡಿಬಿ2 ಸಂಖ್ಯೆಗಳನ್ನು ಪಠ್ಯವಾಗಿಸಿ, ಅಲ್ಪವಿರಾಮದಿಂದ ಬೇರ್ಪಡಿಸಿ ಕೊಡುವ ಡಿಲಿಮಿಟೆಡ್ ರೂಪವೂ ಇದೆ. ಪ್ರತಿ ಕಾಲಂನ ಬಗೆ ಡಿಬಿ2ಗೆ ತಿಳಿದಿರುವುದರಿಂದ ಈ ಪರಿವರ್ತನೆಯನ್ನು ನಂಬಬಹುದು, ಒಂದು ಅಪವಾದದ ಹೊರತು. ವಿಸ್ಯಾಮ್‌ನಿಂದ ಡಿಬಿ2ಗೆ ಅವಸರದಲ್ಲಿ ಬಂದ ವ್ಯವಸ್ಥೆಗಳಲ್ಲಿ ಹಳೆಯ ರೆಕಾರ್ಡ್‌ನ ಒಂದಿಡೀ ಭಾಗವನ್ನು 200 ಅಕ್ಷರಗಳ ಚಾರ್ ಕಾಲಂ ಒಂದಕ್ಕೆ ಹಾಗೆಯೇ ತುಂಬಿಟ್ಟಿರುತ್ತಾರೆ, ಅದರೊಳಗೆ ಪ್ಯಾಕ್ ಮಾಡಿದ (ಒಂದು ಬೈಟ್‌ನಲ್ಲಿ ಎರಡು ಅಂಕಿ ಕೂರಿಸಿದ) ಸಂಖ್ಯೆಗಳಿರುತ್ತವೆ. ಕಾಲಂ ಅನ್ನು ಬಿಟ್ ಡೇಟಾ ಎಂದು ಘೋಷಿಸಿರದಿದ್ದರೆ ಡಿಬಿ2 ಅದನ್ನೂ ಅಕ್ಷರಗಳೆಂದೇ ತಿಳಿದು ಯೂನಿಕೋಡ್‌ಗೆ ಪರಿವರ್ತಿಸಿ ಕೆಡಿಸುತ್ತದೆ. ಆದ್ದರಿಂದ ಉದ್ದನೆಯ ಚಾರ್ ಕಾಲಂಗಳನ್ನೆಲ್ಲ ಮೊದಲು ಹೆಕ್ಸ್ ರೂಪದಲ್ಲಿ (ಬೈಟ್‌ಗಳನ್ನು 16ರ ಆಧಾರದ ಅಂಕಿಗಳಾಗಿ) ನೋಡಿ, ನಂತರ ನಿರ್ಧರಿಸಬೇಕು. ನನ್ನ ಅಭಿಪ್ರಾಯದಲ್ಲಿ ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿರುವ ಮೂಲ ರೂಪ ಮತ್ತು ಡಿಲಿಮಿಟೆಡ್ ರೂಪ ಎರಡನ್ನೂ ತೆಗೆದಿಡುವುದು ಕ್ಷೇಮ. ಇವತ್ತಿನ ಸಂಗ್ರಹದ ಬೆಲೆಯಲ್ಲಿ ಎರಡನೆಯ ಪ್ರತಿ ಹೊರೆಯೇ ಅಲ್ಲ.

ವಿಸ್ಯಾಮ್ ಕಡತಗಳನ್ನು ಐಡಿಕ್ಯಾಮ್ಸ್ ಎಂಬ ಯುಟಿಲಿಟಿಯ ರೆಪ್ರೋ ಆಜ್ಞೆಯಿಂದ ಸಾಧಾರಣ ಅನುಕ್ರಮ ಕಡತಕ್ಕೆ ಇಳಿಸಿದರೆ ಸಾಕು. ದತ್ತಾಂಶವನ್ನು ಮರದಂತೆ ಜೋಡಿಸುವ ಐಎಂಎಸ್ ಡೇಟಾಬೇಸ್ ಇದ್ದರೆ ಮಾತ್ರ ಕೆಲಸ ಬೇರೆ. ಅಲ್ಲಿ ಮಗು ಸೆಗ್ಮೆಂಟ್ ತನ್ನ ತಾಯಿ ಯಾರೆಂಬುದನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ, ಮರದಲ್ಲಿ ಅದು ಇರುವ ಸ್ಥಾನವೇ ಅದನ್ನು ಹೇಳುತ್ತದೆ. ಹಾಗಾಗಿ ಮರವನ್ನು ಕ್ರಮವಾಗಿ ಓದುತ್ತ, ಮೇಲಿನ ಎಲ್ಲ ಹಂತಗಳ ಕೀಗಳನ್ನು ಪ್ರತಿ ಸೆಗ್ಮೆಂಟ್‌ನ ಮುಂದೆ ಸೇರಿಸಿ ಬರೆಯುವ ಚಿಕ್ಕ ಪ್ರೋಗ್ರಾಮ್ ಒಂದನ್ನು ಮೇನ್‌ಫ್ರೇಮ್‌ನಲ್ಲೇ ಬರೆಯಬೇಕಾಗುತ್ತದೆ.

ಸಾಗಣೆ

ಕಡತ ಸಾಗಿಸುವ ಎಫ್‌ಟಿಪಿಯ ಪಠ್ಯ ವಿಧಾನದಲ್ಲಿ ಈ ಕಡತಗಳನ್ನು ಎಂದಿಗೂ ಸಾಗಿಸಬಾರದು. ಆ ವಿಧಾನ ಪ್ರತಿ ಬೈಟ್ ಅನ್ನೂ ಅಕ್ಷರವೆಂದು ತಿಳಿದು ಎಬ್ಸಿಡಿಕ್‌ನಿಂದ ಇತರ ಯಂತ್ರಗಳ ಅಕ್ಷರ ಸಂಕೇತವಾದ ಆಸ್ಕಿಗೆ ತಿರುಗಿಸುತ್ತದೆ. ಪ್ಯಾಕ್ ಮಾಡಿದ ಮೊತ್ತದ ನಡುವೆ ಹೆಕ್ಸ್ 15 ಅಥವಾ 25 ಬಂದರೆ ಅದು ಸಾಲು ಮುಗಿಯುವ ಚಿಹ್ನೆಯಾಗಿ ಮಾರ್ಪಟ್ಟು ರೆಕಾರ್ಡ್ ಎರಡು ತುಂಡಾಗಬಹುದು. ಬೈನರಿ ವಿಧಾನವೇ ಸರಿ, ಅದೂ ಎನ್‌ಕ್ರಿಪ್ಟ್ ಮಾಡಿದ ಮಾರ್ಗದಲ್ಲಿ. ರೆಕಾರ್ಡ್‌ಗಳ ಉದ್ದ ಬದಲಾಗುತ್ತಿರುವ ವಿಬಿ ಕಡತಗಳಲ್ಲಿ ಇನ್ನೊಂದು ಎಚ್ಚರ ಬೇಕು. ಪ್ರತಿ ರೆಕಾರ್ಡ್‌ನ ತಲೆಯಲ್ಲಿ ಅದರ ಉದ್ದ ಹೇಳುವ 4 ಬೈಟ್‌ಗಳ ಆರ್‌ಡಿಡಬ್ಲ್ಯು ಇರುತ್ತದೆ, ಸಾಮಾನ್ಯ ಬೈನರಿ ಸಾಗಣೆಯಲ್ಲಿ ಅದು ಕಳಚಿಹೋಗುತ್ತದೆ. ಅದನ್ನು ಉಳಿಸುವಂತೆ ಸೈಟ್ ಆರ್‌ಡಿಡಬ್ಲ್ಯು ಎಂಬ ಸೂಚನೆಯನ್ನು ಸಾಗಣೆಗೆ ಮುಂಚೆ ಕೊಡಬೇಕು. ಈ 4 ಬೈಟ್‌ಗಳು ಹೋದರೆ ಒಂದು ರೆಕಾರ್ಡ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಊಹೆಯಿಂದ ಕಂಡುಹಿಡಿಯಬೇಕಾಗುತ್ತದೆ.

ಸ್ಥಿರ ಉದ್ದದ ಕಡತಕ್ಕೆ ಸುಲಭವಾದ ಪರೀಕ್ಷೆಯೊಂದಿದೆ: ಬಂದ ಬೈಟ್‌ಗಳ ಸಂಖ್ಯೆ ರೆಕಾರ್ಡ್‌ಗಳ ಎಣಿಕೆಯನ್ನು ರೆಕಾರ್ಡ್‌ನ ಉದ್ದದಿಂದ ಗುಣಿಸಿದಷ್ಟೇ ಇರಬೇಕು. ಒಂದು ಬೈಟ್ ಹೆಚ್ಚುಕಡಿಮೆಯಾದರೂ ಮುಂದುವರಿಯಬಾರದು. ಬಂದ ಕೂಡಲೇ ಪ್ರತಿ ಕಡತದ ಎಸ್‌ಎಚ್‌ಎ-256 ಮೌಲ್ಯವನ್ನು (ಕಡತ ಬದಲಾದರೆ ತಿಳಿಸುವ, ಬೆರಳಚ್ಚಿನಂಥ ಸಂಖ್ಯೆಯನ್ನು) ಲೆಕ್ಕಹಾಕಿ ಬರೆದಿಟ್ಟು, ಆ ಕಡತಗಳನ್ನು ಓದಲು ಮಾತ್ರ ಬರುವಂತೆ ಮಾಡಿಬಿಡಿ.

ಬೈಟ್‌ನಿಂದ ಮೌಲ್ಯಕ್ಕೆ

ಹೆಚ್ಚಿನ ತಪ್ಪುಗಳು ಆಗುವುದು ಈ ಹಂತದಲ್ಲಿ, ಅವು ತಕ್ಷಣ ಕಣ್ಣಿಗೆ ಬೀಳುವುದೂ ಇಲ್ಲ. ಎಬ್ಸಿಡಿಕ್ ಎನ್ನುವುದು ಒಂದೇ ಸಂಕೇತಮಾಲೆಯಲ್ಲ. ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಅದರ ಬಹುತೇಕ ಎಲ್ಲ ಕೋಡ್ ಪೇಜ್‌ಗಳಲ್ಲಿ (ಬೇರೆ ಬೇರೆ ರೂಪಗಳಲ್ಲಿ) ಒಂದೇ ಜಾಗದಲ್ಲಿರುವುದರಿಂದ ತಪ್ಪು ಕೋಡ್ ಪೇಜ್ ಬಳಸಿದರೂ ಹೆಸರುಗಳು ಸರಿಯಾಗಿಯೇ ಕಾಣುತ್ತವೆ. ಚೌಕ ಆವರಣ, ಉದ್ಗಾರ ಚಿಹ್ನೆ, ಯೂರೋಪಿನ ಭಾಷೆಗಳ ಮಾತ್ರೆಯುಳ್ಳ ಅಕ್ಷರಗಳು ಮಾತ್ರ ಬದಲಾಗುತ್ತವೆ. ಎಡ ಚೌಕ ಆವರಣ 037 ಸಂಖ್ಯೆಯ ಕೋಡ್ ಪೇಜ್‌ನಲ್ಲಿ ಒಂದು ಕಡೆ, 1047ರಲ್ಲಿ ಇನ್ನೊಂದು ಕಡೆ, 500ರಲ್ಲಿ ಮತ್ತೊಂದು ಕಡೆ ಇದೆ. 1140 ಎಂಬುದು 037ರದೇ ರೂಪ, ಒಂದು ಸ್ಥಾನದಲ್ಲಿ ಯೂರೋ ಚಿಹ್ನೆ ಬಂದಿರುವುದಷ್ಟೇ ವ್ಯತ್ಯಾಸ. ಪೈಥಾನ್ ಬಳಸುವವರು ಅದರ ಮೂಲ ಲೈಬ್ರರಿಯಲ್ಲಿ 037, 500, 1140 ಇವೆ, 1047 ಇಲ್ಲ ಎಂಬುದನ್ನು ಮೊದಲೇ ಗಮನಿಸಬೇಕು. ಇಲ್ಲದ್ದಕ್ಕೆ 037 ನಡೆಯುತ್ತದೆ ಎಂದು ಒಪ್ಪಿಕೊಳ್ಳುವುದು ಬೇಡ.

ಸಂಖ್ಯೆಗಳಿಗೆ ಬಂದರೆ, ಕಾಂಪ್-3 ಎಂದು ಘೋಷಿಸಿದ ಪ್ಯಾಕ್ ದಶಮಾಂಶದಲ್ಲಿ ಒಂದು ಬೈಟ್‌ಗೆ ಎರಡು ಅಂಕಿ, ಕೊನೆಯ ಅರ್ಧ ಬೈಟ್‌ನಲ್ಲಿ ಗುರುತು. ದಶಮಾಂಶಕ್ಕೆ ಮೊದಲು ಏಳು, ನಂತರ ಎರಡು ಅಂಕಿಗಳ ಕ್ಷೇತ್ರದಲ್ಲಿ 12345.67 ಎಂಬ ಮೊತ್ತ 00 12 34 56 7ಸಿ ಎಂದು ಐದು ಬೈಟ್‌ಗಳಲ್ಲಿ ಕೂರುತ್ತದೆ. ಸಿ ಎಂದರೆ ಧನ, ಡಿ ಎಂದರೆ ಋಣ, ಎಫ್ ಎಂದರೆ ಗುರುತಿಲ್ಲದ್ದು. ದಶಮಾಂಶ ಬಿಂದು ಬೈಟ್‌ಗಳಲ್ಲಿ ಎಲ್ಲಿಯೂ ಇಲ್ಲ, ಅದು ಕಾಪಿಬುಕ್‌ನ ವಿ ಅಕ್ಷರದಲ್ಲಿ ಮಾತ್ರ ಇದೆ. ಅದನ್ನು ಕಡೆಗಣಿಸಿದರೆ ಎಲ್ಲ ಮೊತ್ತಗಳೂ ನೂರು ಪಟ್ಟಾಗುತ್ತವೆ. ಒಂದು ಬೈಟ್‌ಗೆ ಒಂದೇ ಅಂಕಿಯಿರುವ ಝೋನ್ ರೂಪದ ಸಂಖ್ಯೆಯಲ್ಲಿ ಗುರುತು ಕೊನೆಯ ಅಂಕಿಯ ಮೇಲೆಯೇ ಏರಿರುವುದರಿಂದ ಋಣ 123 ಎಂಬುದು ಪಠ್ಯದಂತೆ ಓದಿದಾಗ 12ಎಲ್ ಎಂದು ಕಾಣುತ್ತದೆ. ಅದನ್ನು ಕೊಳೆತ ದತ್ತಾಂಶವೆಂದು ತೆಗೆದುಹಾಕಿದರೆ ಸಾಲಗಾರರ ಬಾಕಿಗಳಷ್ಟೇ ಮಾಯವಾಗುತ್ತವೆ.

ಕಾಂಪ್ ಕ್ಷೇತ್ರಗಳು ದೊಡ್ಡ ಬೈಟ್ ಮೊದಲಿರುವ ಬೈನರಿ ಸಂಖ್ಯೆಗಳು. ನಾಲ್ಕು ಅಂಕಿಯ ಕ್ಷೇತ್ರ ಎರಡು ಬೈಟ್ ಹಿಡಿಯುತ್ತದೆ, ಆದರೆ ಪ್ರೋಗ್ರಾಮ್ ಅನ್ನು ಟ್ರಂಕ್ ಬಿನ್ ಆಯ್ಕೆಯಲ್ಲಿ ಕಂಪೈಲ್ ಮಾಡಿದ್ದರೆ ಅದರಲ್ಲಿ 9999ಕ್ಕಿಂತ ದೊಡ್ಡ ಮೌಲ್ಯವೂ ಸಕ್ರಮವಾಗಿ ಇರಬಹುದು. ಕಾಂಪ್-1 ಮತ್ತು ಕಾಂಪ್-2 ಎಂಬ ತೇಲುಬಿಂದು ಸಂಖ್ಯೆಗಳು ಐಬಿಎಂನ ಹಳೆಯ 16ರ ಆಧಾರದ ರೂಪದಲ್ಲಿರುವುದರಿಂದ, ಈಗಿನ ಯಂತ್ರಗಳ ಐಇಇಇ ರೂಪವೆಂದು ಓದಿದರೆ ನಂಬಲರ್ಹವಾಗಿ ಕಾಣುವ, ಆದರೆ ಪೂರ್ತಿ ತಪ್ಪಾದ ಉತ್ತರ ಬರುತ್ತದೆ.

ಪ್ಯಾಕ್ ಕ್ಷೇತ್ರವೊಂದರಲ್ಲಿ 40 40 40 ಎಂದು ಎಬ್ಸಿಡಿಕ್ ಖಾಲಿ ಜಾಗಗಳೋ ಬರೀ ಸೊನ್ನೆ ಬೈಟ್‌ಗಳೋ ತುಂಬಿರುವುದನ್ನು ಖಂಡಿತ ಕಾಣುವಿರಿ. ಇಂಥದ್ದನ್ನು ಲೆಕ್ಕಕ್ಕೆ ಬಳಸಿದ್ದರೆ ಮೇನ್‌ಫ್ರೇಮ್ ಪ್ರೋಗ್ರಾಮ್ ಮೇನ್‌ಫ್ರೇಮ್‌ನವರಿಗೆಲ್ಲ ಪರಿಚಿತವಾದ ಎಸ್0ಸಿ7 ಅಬೆಂಡ್‌ನಲ್ಲಿ (ಸಂಖ್ಯೆಯಲ್ಲದ ದತ್ತಾಂಶದಿಂದಾಗುವ ಅಕಾಲಿಕ ಸ್ಥಗಿತದಲ್ಲಿ) ನಿಲ್ಲುತ್ತಿತ್ತು. ನಿಂತಿಲ್ಲವೆಂದರೆ ಆ ಬಗೆಯ ರೆಕಾರ್ಡ್‌ನಲ್ಲಿ ಆ ಕ್ಷೇತ್ರವನ್ನು ಯಾರೂ ಮುಟ್ಟುತ್ತಿರಲಿಲ್ಲ ಎಂದರ್ಥ. ಅದನ್ನು ಸೊನ್ನೆ ಎಂದು ಬರೆಯಬಾರದು. ಶೂನ್ಯಮೌಲ್ಯವೆಂದು ಬರೆದು, ಮೂಲ ಹೆಕ್ಸ್ ರೂಪವನ್ನು ಪ್ರತ್ಯೇಕ ದೋಷಪಟ್ಟಿಯಲ್ಲಿ ದಾಖಲಿಸಬೇಕು.

ರೀಡಿಫೈನ್ಸ್ ಇದಕ್ಕಿಂತ ಕಷ್ಟ. ಒಂದೇ ಬೈಟ್‌ಗಳನ್ನು ರೆಕಾರ್ಡ್‌ನ ಬಗೆಗೆ ತಕ್ಕಂತೆ ಎರಡು ಮೂರು ರೀತಿಯಲ್ಲಿ ಓದಲು ಕಾಪಿಬುಕ್ ಅನುಮತಿಸುತ್ತದೆ, ಆದರೆ ಯಾವಾಗ ಯಾವ ರೀತಿ ಎಂಬುದನ್ನು ಹೇಳುವುದಿಲ್ಲ. ಆ ಆಯ್ಕೆ ಪ್ರೋಗ್ರಾಮ್‌ನಲ್ಲಿದೆ. ಅದನ್ನು ಹುಡುಕಿ, ಪ್ರತಿ ಬಗೆಯ ರೆಕಾರ್ಡ್ ಅನ್ನೂ ಬೇರೆ ಬೇರೆ ಟೇಬಲ್‌ಗೆ ಬಿಡಿಸುವುದು ನೇರವಾದ ದಾರಿ. ಅಕರ್ಸ್ ಡಿಪೆಂಡಿಂಗ್ ಆನ್ ಇರುವ, ಅಂದರೆ ಎಣಿಕೆ ರೆಕಾರ್ಡ್‌ನಿಂದ ರೆಕಾರ್ಡ್‌ಗೆ ಬದಲಾಗುವ ಪುನರಾವರ್ತನೆಗಳಿಗೆ ಮಗು ಟೇಬಲ್ ಮಾಡಿ, ಎಷ್ಟನೆಯದು ಎಂಬ ಕ್ರಮಸಂಖ್ಯೆಯನ್ನು ಸೇರಿಸಿ. ಕಾಪಿಬುಕ್ ಓದಿ ದತ್ತಾಂಶ ಬಿಡಿಸುವ ಮುಕ್ತ ತಂತ್ರಾಂಶಗಳಿವೆ. ಸ್ಪಾರ್ಕ್ ಬಳಸುವವರಿಗೆ ಕಾಬ್ರಿಕ್ಸ್, ಜಾವಾ ಬಳಸುವವರಿಗೆ ಜೆರೆಕಾರ್ಡ್ ಉಪಯುಕ್ತ. ಎಲ್ಲವನ್ನೂ ಕೈಯಾರೆ ಬರೆಯಹೊರಡುವುದಕ್ಕಿಂತ ಇವುಗಳಿಂದ ಆರಂಭಿಸುವುದೇ ಮೇಲು.

ದಿನಾಂಕಗಳಲ್ಲಿ ಹಳೆಯ ಯಂತ್ರದ ಇಡೀ ಚರಿತ್ರೆ ಬೆರೆತಿರುತ್ತದೆ. ವರ್ಷದ ಎರಡು ಅಂಕಿ, ಬಳಿಕ ವರ್ಷದ ಎಷ್ಟನೇ ದಿನ ಎಂಬ ರೂಪದಲ್ಲಿ 99365 ಎಂದರೆ 1999ರ ಡಿಸೆಂಬರ್ 31. 2000ನೇ ಇಸವಿಯ ಹೊಸ್ತಿಲಲ್ಲಿ ಅನೇಕ ಕಡೆ ವರ್ಷವನ್ನು ನಾಲ್ಕು ಅಂಕಿಗೆ ಹಿಗ್ಗಿಸದೆ, ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ 20, ಹೆಚ್ಚಿದ್ದರೆ 19 ಎಂಬ ಗಡಿಯನ್ನು ಪ್ರೋಗ್ರಾಮ್‌ನಲ್ಲಿ ಇಟ್ಟರು. ಆ ಗಡಿ ಜನ್ಮದಿನಾಂಕಕ್ಕೆ ಒಂದು, ಪಾಲಿಸಿ ಮುಗಿಯುವ ದಿನಾಂಕಕ್ಕೆ ಇನ್ನೊಂದು ಇರಬಹುದು. 9999-12-31 ಎಂಬುದು ಕೊನೆಯಿಲ್ಲ ಎಂಬುದರ ಸಂಕೇತವಾಗಿಯೂ 0001-01-01 ಎಂಬುದು ತಿಳಿದಿಲ್ಲ ಎಂಬುದರ ಸಂಕೇತವಾಗಿಯೂ ಬಳಕೆಯಾಗಿರುತ್ತವೆ. ಅವನ್ನು ಸದ್ದಿಲ್ಲದೆ ಬದಲಿಸದೆ, ಬದಲಿಸಿದ್ದರೆ ಯಾವ ನಿಯಮದಂತೆ ಎಂಬುದನ್ನು ಬರೆದಿಡಬೇಕು. ಡಿಬಿ2 ದಿನದ ಕೊನೆಗೆ 24.00.00 ಎಂಬ ಸಮಯವನ್ನು ಒಪ್ಪುತ್ತದೆ, ಹೊರಗಿನ ಅನೇಕ ಲೈಬ್ರರಿಗಳು ತಿರಸ್ಕರಿಸುತ್ತವೆ. ಅದರ ಟೈಮ್‌ಸ್ಟ್ಯಾಂಪ್ ಕೂಡ 2003-11-07-14.30.00.000000 ಎಂಬ ತನ್ನದೇ ರೂಪದಲ್ಲಿ ಬರುವುದರಿಂದ ಐಎಸ್‌ಒ 8601 ರೂಪಕ್ಕೆ ತಿರುಗಿಸಬೇಕು.

ಯಾವ ರೂಪದಲ್ಲಿ ಇಡುವುದು

ಬಹುಕಾಲ ಉಳಿಯಬೇಕಾದ ಪ್ರತಿಗೆ ಯುಟಿಎಫ್-8ರಲ್ಲಿ ಬರೆದ ಸಿಎಸ್‌ವಿ, ಅದರ ಪಕ್ಕದಲ್ಲೇ ಪ್ರತಿ ಕಾಲಂನ ಬಗೆ, ಉದ್ದ, ಅರ್ಥ ಮತ್ತು ಸಂಕೇತಗಳ ವಿವರಣೆಯಿರುವ ಕಡತ, ಇಷ್ಟಿದ್ದರೆ ಸಾಕೆಂಬುದು ನನ್ನ ನಿಲುವು. ಸಿಎಸ್‌ವಿಯ ರೂಪವನ್ನು ವಿವರಿಸುವ ಆರ್‌ಎಫ್‌ಸಿ 4180ರ ಪದ್ಧತಿಯಂತೆ ಉದ್ಧರಣ ಚಿಹ್ನೆಗಳನ್ನು ಬಳಸಿ. ಶೂನ್ಯಮೌಲ್ಯಕ್ಕೂ ಖಾಲಿ ಪಠ್ಯಕ್ಕೂ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಯಾರೂ ಆ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಉಳಿಸದಂತೆ ನೋಡಿಕೊಳ್ಳಬೇಕು, ಏಕೆಂದರೆ ಎಕ್ಸೆಲ್ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ತಿನ್ನುತ್ತದೆ, 15 ಅಂಕಿಗಳಾಚೆಗಿನದನ್ನು ಸೊನ್ನೆ ಮಾಡುತ್ತದೆ, 10,48,576 ಸಾಲುಗಳ ಆಚೆಗಿನದನ್ನು ತೋರಿಸುವುದೇ ಇಲ್ಲ. ವಿಶ್ಲೇಷಣೆಗೆ ಪಾರ್ಕೆ ಎಂಬ ಕಾಲಂವಾರು ಕಡತರೂಪದ ಇನ್ನೊಂದು ಪ್ರತಿ ಇರಲಿ. ಅದರಲ್ಲಿ ಹಣದ ಕಾಲಂಗಳು ದಶಮಾಂಶ ಬಗೆಯಲ್ಲೇ ಇರಬೇಕು. ಡಿಬಿ2 ದಶಮಾಂಶ 31 ಅಂಕಿಗಳವರೆಗೆ ಹೋಗುವುದರಿಂದ ಡಬಲ್ ಎಂಬ ತೇಲುಬಿಂದು ಬಗೆಯ ಕಾಲಂಗೆ ಅದನ್ನು ನಿಖರವಾಗಿ ಹಿಡಿದಿಡುವ ಶಕ್ತಿಯಿಲ್ಲ.

ಟೇಬಲ್‌ಗಳ ಪರಸ್ಪರ ಸಂಬಂಧವೂ ಸೇರಿ ಇಡೀ ಡೇಟಾಬೇಸ್ ಅನ್ನು ಪತ್ರಾಗಾರಕ್ಕೆ ಒಪ್ಪಿಸುವುದಾದರೆ ಸ್ವಿಟ್ಜರ್ಲೆಂಡಿನ ಫೆಡರಲ್ ಪತ್ರಾಗಾರ ರೂಪಿಸಿದ ಸಿಯಾರ್ಡ್ ಎಂಬ ಕಡತರೂಪ ಪರಿಗಣಿಸತಕ್ಕದ್ದು. ಅದು ಜಿಪ್ ಕಡತವೊಂದರಲ್ಲಿ ಎಕ್ಸ್‌ಎಂಎಲ್ ರೂಪದ ದತ್ತಾಂಶ ಮತ್ತು ರಚನೆ ಎರಡನ್ನೂ ಒಟ್ಟಿಗೆ ಇಡುತ್ತದೆ. ಯಾವುದೋ ಒಂದು ಉತ್ಪನ್ನದ ಸ್ವಂತ ರೂಪದಲ್ಲಿ ಮಾತ್ರ ಇಡುವುದು ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರಕ್ಕೆ ಬಂದ ವಿಯೆಟ್ನಾಂ ಯುದ್ಧಕಾಲದ ಕಡತಗಳೇ ಸಾಕ್ಷಿ. ಅವುಗಳಲ್ಲಿ ಹಲವು ನಿಪ್ಸ್ ಎಂಬ ವ್ಯವಸ್ಥೆಯ ರೂಪದಲ್ಲಿದ್ದುದರಿಂದ, ಅವನ್ನು ಸಾಮಾನ್ಯ ರೂಪಕ್ಕೆ ಬಿಡಿಸುವುದೇ ಪ್ರತ್ಯೇಕ ಕೆಲಸವಾಯಿತು.

ತಾಳೆ ನೋಡುವುದು

ಸಾಲುಗಳ ಎಣಿಕೆ ಸರಿಹೊಂದಿದ ಮಾತ್ರಕ್ಕೆ ದತ್ತಾಂಶ ಸರಿಯಿದೆ ಎಂದಾಗದು. ಪ್ರತಿ ಮೊತ್ತದ ಕಾಲಂನ ಸಂಕಲನವನ್ನು ಮೇನ್‌ಫ್ರೇಮ್‌ನಲ್ಲೇ ಲೆಕ್ಕಹಾಕಿಸಿ, ಹೊರಗಿನ ಪ್ರತಿಯ ಸಂಕಲನದೊಂದಿಗೆ ಕೊನೆಯ ಪೈಸೆಯವರೆಗೆ ಹೋಲಿಸಬೇಕು. ಹೊರಗಿನ ಲೆಕ್ಕ ತೇಲುಬಿಂದುವಿನಲ್ಲಿ ನಡೆದರೆ ಇಲ್ಲದ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ಸಂಕೇತಗಳಿರುವ ಕಾಲಂಗಳಿಗೆ ಪ್ರತಿ ಸಂಕೇತ ಎಷ್ಟು ಸಲ ಬಂದಿದೆ ಎಂಬ ಎಣಿಕೆ, ದಿನಾಂಕಗಳಿಗೆ ಕನಿಷ್ಠ ಮತ್ತು ಗರಿಷ್ಠ, ಇವೂ ಎರಡು ಕಡೆಯಿಂದ ಬೇಕು. ಸಾಲುಗಳನ್ನು ಒಂದೊಂದಾಗಿ ಹೋಲಿಸುವಾಗ ಎರಡನ್ನೂ ಹೊರಗೆ ಒಂದೇ ಕ್ರಮದಲ್ಲಿ ಮತ್ತೆ ವಿಂಗಡಿಸಿಕೊಳ್ಳಿ. ಎಬ್ಸಿಡಿಕ್‌ನಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ, ಆಮೇಲೆ ಅಂಕಿ. ಆಸ್ಕಿಯಲ್ಲಿ ಅಂಕಿ, ದೊಡ್ಡ ಅಕ್ಷರ, ಆಮೇಲೆ ಸಣ್ಣ ಅಕ್ಷರ. ಈ ವ್ಯತ್ಯಾಸ ಮರೆತವರಿಗೆ ಅರ್ಧ ಕಡತವೇ ತಪ್ಪಾಗಿ ಕಾಣುತ್ತದೆ.

ಇದಾದ ಮೇಲೆ ವ್ಯವಹಾರದ ಕಡೆಯವರು ಆಯ್ದ ಕೆಲವು ಖಾತೆಗಳನ್ನು ಮೇನ್‌ಫ್ರೇಮ್‌ನ ಹಸಿರು ಪರದೆಯಲ್ಲಿ ತೆರೆದು, ಹೊರಗಿನ ಪ್ರತಿಯೊಂದಿಗೆ ಕಾಲಂ ಕಾಲಂ ಹೋಲಿಸಿ ಸಹಿ ಮಾಡಬೇಕು. ಆಯ್ಕೆ ಯಾದೃಚ್ಛಿಕವಾಗಿರುವುದಕ್ಕಿಂತ ಉದ್ದೇಶಪೂರ್ವಕವಾಗಿರುವುದು ಲೇಸು: ಅತಿ ಹಳೆಯ ಖಾತೆ, ಋಣ ಬಾಕಿಯ ಖಾತೆ, ಪುನರಾವರ್ತನೆಗಳು ಗರಿಷ್ಠ ತುಂಬಿರುವ ಖಾತೆ, ದೋಷಪಟ್ಟಿಯಲ್ಲಿ ಬಂದ ಖಾತೆ. ಈ ಪರೀಕ್ಷೆಗೆಂದು ನಿಜವಾದ ಜನರ ವಿವರಗಳು ಅನೇಕರ ಕೈಗೆ ಹೋಗುತ್ತವೆ ಎಂಬುದನ್ನೂ ನೆನಪಿಡಬೇಕು. ಮೇನ್‌ಫ್ರೇಮ್‌ನಲ್ಲಿ ರ್‍ಯಾಕ್ಎಫ್ ಎಂಬ ಭದ್ರತಾ ತಂತ್ರಾಂಶ ಕಾಯುತ್ತಿದ್ದ ದತ್ತಾಂಶ ಹೊರಗೆ ಬಂದ ಕೂಡಲೇ ಕಾವಲಿಲ್ಲದ ಕಡತವಾಗುವುದರಿಂದ, ಎನ್‌ಕ್ರಿಪ್ಶನ್ ಮತ್ತು ಪ್ರವೇಶದ ಅನುಮತಿಗಳು ಮೊದಲ ಸಾಗಣೆಗಿಂತ ಮುಂಚೆಯೇ ಸಿದ್ಧವಿರಬೇಕು. ಉಳಿಸುವ ಅವಧಿ ಮುಗಿದ ದಾಖಲೆಗಳನ್ನು ಹೊರಗೆ ತರುವುದೇ ಬೇಡವೆಂದು ಕಾನೂನು ವಿಭಾಗ ಹೇಳಬಹುದು. ಅದನ್ನು ಲಿಖಿತವಾಗಿ ಪಡೆದುಕೊಳ್ಳಿ.

ಯಂತ್ರದ ವಿದ್ಯುತ್ ತೆಗೆಯುವುದಕ್ಕೆ ಒಪ್ಪಿಗೆ ಕೊಡುವ ಮುನ್ನ ಕೊನೆಯದೊಂದು ಪರೀಕ್ಷೆ ನಡೆಸಬೇಕು. ಹೊರತೆಗೆಯುವ ತಂಡದಲ್ಲಿಲ್ಲದ, ಕೋಬಾಲ್ ತಿಳಿಯದ ಒಬ್ಬ ಎಂಜಿನಿಯರ್‌ಗೆ ಕಡತಗಳನ್ನೂ ವಿವರಣೆಯನ್ನೂ ಮಾತ್ರ ಕೊಟ್ಟು, ಯಾರನ್ನೂ ಕೇಳದೆ ಒಂದು ಹಳೆಯ ಖಾತೆಯ ಪೂರ್ತಿ ಇತಿಹಾಸವನ್ನು ಕಟ್ಟಿಕೊಡಲು ಹೇಳಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿವರಣೆಯಲ್ಲಿ ಏನೋ ಬಿಟ್ಟುಹೋಗಿದೆ; ಅದನ್ನು ತುಂಬಿ, ಇನ್ನೊಬ್ಬರಿಂದ ಮತ್ತೆ ಮಾಡಿಸಬೇಕು. ಅಲ್ಲಿಯವರೆಗೆ ಮೇನ್‌ಫ್ರೇಮ್ ಓದಲು ಮಾತ್ರ ಬರುವ ಸ್ಥಿತಿಯಲ್ಲಿ ಇರಲಿ, ಟೇಪ್‌ಗಳ ನಾಶಕ್ಕೆ ಆದೇಶ ಹೊರಡದಿರಲಿ.